ಓದುಗರ ಪ್ರಶ್ನೆಗಳಿಗೆ ಉತ್ತರ: ವಚನ ಸಿಕ್ಕ ಮಾತ್ರಕ್ಕೆ ತೀರ್ಮಾನ ಸಿಕ್ಕೀತೆ?

ಈ ಸಲ ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಸಂಗತಿಗಳು ಬೇರೆಬೇರೆಯಾದರೂ ಐವರೂ ಕೇಳಿರುವುದು ಹೆಚ್ಚುಕಡಿಮೆ ಒಂದನ್ನೇ: ಸರಿ ಯಾವುದು, ತಪ್ಪು ಯಾವುದು ಎಂದು ನಿರ್ಧರಿಸಬೇಕಾದಾಗ ಕ್ರೈಸ್ತರು ಬೈಬಲನ್ನು ಹೇಗೆ ಓದಬೇಕು? ಹೆಸರು ಬೇಡವೆಂದು ಹೆಚ್ಚಿನವರು ಕೋರಿರುವುದರಿಂದ ಯಾರ ಹೆಸರನ್ನೂ ಕೊಟ್ಟಿಲ್ಲ.

ಪ್ರಶ್ನೆ: ನಾನು ನಿವೃತ್ತ ನೌಕರ. ನಿವೃತ್ತಿಯಲ್ಲಿ ಬಂದ ಹಣದಲ್ಲಿ ಸ್ವಲ್ಪವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದೇನೆ. ಉಳಿದದ್ದನ್ನು ಪರಿಚಯದವರಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯಂತೆ ಕೈಸಾಲ ಕೊಟ್ಟಿದ್ದೇನೆ. ಬಡ್ಡಿ ತೆಗೆದುಕೊಳ್ಳುವುದು ಪಾಪವೆಂದು ನಮ್ಮ ಸಭೆಯ ಯುವಕನೊಬ್ಬ ವಚನಗಳನ್ನು ತೋರಿಸಿದ. ಸಭಾಪಾಲಕರನ್ನು ಕೇಳಿದರೆ, "ಅದೆಲ್ಲ ಹಳೆ ಒಡಂಬಡಿಕೆಯ ಕಾಲದ ಮಾತು" ಎಂದು ನಕ್ಕುಬಿಟ್ಟರು. ಯಾರು ಹೇಳಿದ್ದು ಸರಿ? (ಶಿವಮೊಗ್ಗ)

ಉತ್ತರ: ಯುವಕ ತೋರಿಸಿದ ವಚನಗಳು ಅಲ್ಲಿರುವುದು ನಿಜ. ವಿಮೋಚನಕಾಂಡ 22:25, ಯಾಜಕಕಾಂಡ 25:36, ಧರ್ಮೋಪದೇಶಕಾಂಡ 23:19, ಕೀರ್ತನೆ 15:5, ಯೆಹೆಜ್ಕೇಲ 18:8, ಇವೆಲ್ಲವೂ ಬಡ್ಡಿಯ ವಿರುದ್ಧವೇ ನಿಲ್ಲುತ್ತವೆ. ಸಭಾಪಾಲಕರ ನಗುವನ್ನು ನಾನು ಒಪ್ಪಲಾರೆ. ದಶಮಾಂಶದ, ಅಂದರೆ ಆದಾಯದ ಹತ್ತನೇ ಒಂದು ಪಾಲನ್ನು ಸಭೆಗೆ ಕೊಡುವ, ಮಾತು ಬಂದಾಗ ನಮ್ಮ ಸಭೆಗಳಲ್ಲಿ ಹಳೆ ಒಡಂಬಡಿಕೆ ಎಂದೂ ಹಳೆಯದಾಗುವುದಿಲ್ಲ. ಬಡ್ಡಿಯ ಮಾತು ಬಂದಾಗ ಮಾತ್ರ ಅದಕ್ಕೆ ಮುಪ್ಪು ಬರುವುದು ನ್ಯಾಯವಲ್ಲ. ಅಲ್ಲದೆ, ಮರಳಿ ಬರುವ ನಿರೀಕ್ಷೆಯಿಲ್ಲದೆ ಸಾಲ ಕೊಡಿರಿ ಎಂಬ ಮಾತಿರುವುದು ಹೊಸ ಒಡಂಬಡಿಕೆಯಲ್ಲಿ, ಲೂಕನ ಸುವಾರ್ತೆಯ 6ನೇ ಅಧ್ಯಾಯದಲ್ಲಿ, ಯೇಸುವಿನ ಬಾಯಿಂದಲೇ.

ಆದರೆ ಯುವಕನೂ ವಚನದ ಪೂರ್ತಿ ಓದಿಲ್ಲವೆಂದು ತೋರುತ್ತದೆ. ವಿಮೋಚನಕಾಂಡದ ಆಜ್ಞೆ ಇರುವುದು ಬಡವನಿಗೆ ಕೊಟ್ಟ ಸಾಲದ ಬಗ್ಗೆ. ಅದರ ಮುಂದಿನ ವಾಕ್ಯದಲ್ಲೇ, ಒತ್ತೆಯಾಗಿ ಅವನ ಹೊದಿಕೆಯನ್ನು ಇಟ್ಟುಕೊಂಡಿದ್ದರೆ ಸೂರ್ಯ ಮುಳುಗುವ ಮೊದಲು ಹಿಂದಿರುಗಿಸಬೇಕು, ರಾತ್ರಿ ಹೊದೆಯಲು ಅವನಿಗಿರುವುದು ಅದೊಂದೇ, ಎಂದಿದೆ. ಅಂದರೆ ಆ ಕಾನೂನಿನ ಕಣ್ಣಮುಂದೆ ಇದ್ದವನು ಹೊಟ್ಟೆಗಿಲ್ಲದೆ ಸಾಲಕ್ಕೆ ಬಂದವನು, ಹೊದಿಕೆಯನ್ನೇ ಒತ್ತೆಯಿಟ್ಟವನು. ಅವನ ಕಷ್ಟದಿಂದ ಲಾಭ ಮಾಡಬೇಡ ಎಂಬುದು ಆಜ್ಞೆಯ ತಿರುಳು. ಧರ್ಮೋಪದೇಶಕಾಂಡ 23:20ರಲ್ಲಿ ಪರದೇಶದವನಿಂದ ಬಡ್ಡಿ ತೆಗೆದುಕೊಳ್ಳಲು ಅನುಮತಿಯೂ ಇದೆ. ಯೇಸು ಹೇಳಿದ ತಲಾಂತುಗಳ ಸಾಮ್ಯದಲ್ಲಿ (ಆಳುಗಳ ಕೈಗೆ ಹಣ ಒಪ್ಪಿಸಿ ಹೋದ ಯಜಮಾನನ ದೃಷ್ಟಾಂತಕತೆ) ಯಜಮಾನ, ಹಣವನ್ನು ಸಾಹುಕಾರರಲ್ಲಿ ಇಟ್ಟಿದ್ದರೆ ಬಡ್ಡಿಯಾದರೂ ಬರುತ್ತಿತ್ತಲ್ಲ ಎಂದು ಆಳನ್ನು ಗದರಿಸುತ್ತಾನೆ. ಸಾಮ್ಯದ ಯಜಮಾನ ಹೇಳಿದ್ದೆಲ್ಲ ನೀತಿಬೋಧೆ ಎಂದು ನಾನು ವಾದಿಸುವುದಿಲ್ಲ. ಆದರೆ ಬಡ್ಡಿ ಎಂಬ ಪದ ಕಂಡಲ್ಲೆಲ್ಲ ಬೈಬಲ್ ಒಂದೇ ದನಿಯಲ್ಲಿ ಮಾತಾಡುತ್ತದೆ ಎನ್ನುವಂತಿಲ್ಲ.

ಸಭೆ ಇದನ್ನು ಹೇಗೆ ಓದಿಕೊಂಡು ಬಂತು ಎಂಬುದು ದೀರ್ಘವಾದ ಕತೆ, ಹೇಳಲು ತಕ್ಕ ಕತೆ. ಕ್ರಿ.ಶ. 325ರ ನೈಸಿಯ ಮಹಾಸಭೆ, ಬಡ್ಡಿ ವ್ಯವಹಾರ ಮಾಡುವ ಯಾಜಕರನ್ನು ಪದವಿಯಿಂದ ಇಳಿಸಬೇಕೆಂದಿತು. 1179ರ ಮೂರನೆಯ ಲ್ಯಾಟರನ್ ಮಹಾಸಭೆ, ಬಹಿರಂಗವಾಗಿ ಬಡ್ಡಿ ವ್ಯಾಪಾರ ಮಾಡುವವರಿಗೆ ಪರಮಪ್ರಸಾದವನ್ನೂ ಕ್ರೈಸ್ತ ಶವಸಂಸ್ಕಾರವನ್ನೂ ನಿರಾಕರಿಸಿತು. ಹಣವೆಂದರೆ ಬಳಸಿದೊಡನೆ ಕೈಬಿಟ್ಟು ಹೋಗುವ ವಸ್ತು, ಆದ್ದರಿಂದ ಅಸಲನ್ನೂ ಕೇಳಿ ಅದರ ಬಳಕೆಗೆ ಬೇರೆ ಬೆಲೆಯನ್ನೂ ಕೇಳುವುದು ಒಂದೇ ವಸ್ತುವನ್ನು ಎರಡು ಸಲ ಮಾರಿದಂತೆ ಎಂದು 13ನೇ ಶತಮಾನದಲ್ಲಿ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ವಾದಿಸಿದರು. ಆದರೆ ಬಡವರಿಗೆ ಸಾಲ ಬೇಕೇ ಬೇಕಿತ್ತು. ಇಟಲಿಯಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳು 15ನೇ ಶತಮಾನದಲ್ಲಿ, ಪೆರುಜಾದಲ್ಲಿ 1462ರಲ್ಲಿ ಆರಂಭವಾದಂಥ, ಬಡವರ ಒತ್ತೆಸಾಲದ ನಿಧಿಗಳನ್ನು ಕಟ್ಟಿದರು. ಅವುಗಳನ್ನು ನಡೆಸುವ ಖರ್ಚಿಗಾಗಿ ಅಲ್ಪ ಮೊತ್ತ ಪಡೆಯುವುದು ತಪ್ಪಲ್ಲವೆಂದು 1515ರಲ್ಲಿ ಐದನೆಯ ಲ್ಯಾಟರನ್ ಮಹಾಸಭೆ ಒಪ್ಪಿತು. ಬಡ್ಡಿ ನಿಷೇಧದ ಗೋಡೆಯಲ್ಲಿ ಈ ಕಿಂಡಿ ತೆರೆದದ್ದು ಸಾಹುಕಾರರಿಗಾಗಿ ಅಲ್ಲ, ಬಡವರಿಗಾಗಿ ಎಂಬುದು ನನಗೆ ಯಾವಾಗಲೂ ಗಮನಾರ್ಹವಾಗಿ ಕಂಡಿದೆ.

ಪ್ರಾಟೆಸ್ಟೆಂಟರಲ್ಲೂ ಒಮ್ಮತವಿರಲಿಲ್ಲ. 16ನೇ ಶತಮಾನದ ಸಭಾಸುಧಾರಕರಲ್ಲಿ ಲೂಥರ್ ಬಡ್ಡಿ ವ್ಯಾಪಾರಿಗಳ ಮೇಲೆ ಕೊನೆಯವರೆಗೂ ಕೆಂಡ ಕಾರಿದರು. ಕ್ಯಾಲ್ವಿನ್ 1545ರಲ್ಲಿ ಬರೆದ ಒಂದು ಪತ್ರದಲ್ಲಿ, ಎಲ್ಲ ಬಗೆಯ ಬಡ್ಡಿಯನ್ನೂ ಒಟ್ಟಾಗಿ ನಿಷೇಧಿಸುವ ವಚನ ತಮಗೆ ಕಾಣಲಿಲ್ಲವೆಂದರು. ಆದರೆ ಅದರ ಜೊತೆಗೆ ಅವರು ಹಾಕಿದ ಕಟ್ಟಳೆಗಳನ್ನು ಅವರ ಹೆಸರು ಹೇಳುವ ಎಷ್ಟೋ ಮಂದಿ ಮರೆಯುತ್ತಾರೆ: ಬಡವನಿಂದ ಬಡ್ಡಿ ಕೇಳಕೂಡದು, ಸಾಲ ಪಡೆದವನಿಗೂ ಆ ಹಣದಿಂದ ಕೊಟ್ಟವನಷ್ಟೇ ಅಥವಾ ಅದಕ್ಕಿಂತ ಹೆಚ್ಚು ಲಾಭವಾಗಬೇಕು, ನಾಡಿನ ಕಾನೂನು ಇಟ್ಟ ಮಿತಿ ಮೀರಕೂಡದು, ಎಲ್ಲಕ್ಕಿಂತ ಮುಖ್ಯವಾಗಿ ಲೋಕರೂಢಿಯನ್ನಲ್ಲ, ಕ್ರಿಸ್ತನ ಮಾತನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ಇತ್ತ ರೋಮಿನ ಕಥೋಲಿಕ ಸಭೆ 1745ರಲ್ಲಿಯೂ, ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಅವರ ಕಾಲದಲ್ಲಿ, ಸಾಲಕ್ಕೆ ಸಾಲವೆಂಬ ಕಾರಣದಿಂದಲೇ ಹೆಚ್ಚುವರಿ ಕೇಳುವುದನ್ನು ಖಂಡಿಸಿತು, ಆದರೆ ಬೇರೆ ನ್ಯಾಯವಾದ ಕಾರಣಗಳಿಗೆ ಎಡೆಯಿಟ್ಟಿತು.

ಇದನ್ನು ಸಭೆ ಕಾಲಕ್ಕೆ ತಕ್ಕಂತೆ ಕುಣಿಯಿತು ಎಂದು ಹೇಳುವವರಿದ್ದಾರೆ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಸಾಲದ ಸ್ವರೂಪವೇ ಬದಲಾಗಿತ್ತು: ಬರಗಾಲದಲ್ಲಿ ಕಾಳಿಗಾಗಿ ಮಾಡುವ ಸಾಲವೂ ಹಡಗು ತುಂಬಿಸಲು ವರ್ತಕ ಮಾಡುವ ಸಾಲವೂ ಒಂದೇ ಅಲ್ಲ. ವಚನ ಯಾರನ್ನು ಕಾಯಲು ಬಂದಿತ್ತು ಎಂದು ಕೇಳಿದವರು ಈ ವ್ಯತ್ಯಾಸವನ್ನು ಕಂಡರು. ಅಕ್ಷರವನ್ನಷ್ಟೇ ಹಿಡಿದವರಿಗೆ ಕಾಣಲಿಲ್ಲ. ವಚನವನ್ನೇ ಬಿಟ್ಟವರು ಕೇಳುವ ಗೋಜಿಗೇ ಹೋಗಲಿಲ್ಲ.

ಈಗ ನಿಮ್ಮ ಲೆಕ್ಕಕ್ಕೆ ಬರುತ್ತೇನೆ. ಬ್ಯಾಂಕಿನ ಠೇವಣಿಯ ಬಗ್ಗೆ ನಿಮ್ಮ ನಿದ್ದೆ ಕೆಡಬೇಕಾಗಿಲ್ಲ. ಕೈಸಾಲದ ಬಗ್ಗೆ ನೆಹೆಮೀಯನ 5ನೇ ಅಧ್ಯಾಯವನ್ನು ಓದಬೇಕೆಂದು ಕೋರುತ್ತೇನೆ. ಬರಗಾಲದಲ್ಲಿ ಹೊಲ, ದ್ರಾಕ್ಷೇತೋಟ, ಮನೆಗಳನ್ನು ಒತ್ತೆಯಿಟ್ಟು, ರಾಜನ ತೆರಿಗೆಗೆ ಸಾಲ ಮಾಡಿ, ಮಕ್ಕಳನ್ನೇ ಜೀತಕ್ಕೆ ಬಿಟ್ಟ ಜನ ಗೋಳಿಡುತ್ತಾರೆ. ಅಧಿಪತಿಯಾದ ನೆಹೆಮೀಯ ಶ್ರೀಮಂತರನ್ನು ಸಭೆ ಸೇರಿಸಿ, ಆಸ್ತಿಯನ್ನೂ ಅವರು ಕಿತ್ತುಕೊಳ್ಳುತ್ತಿದ್ದ 'ನೂರರಲ್ಲೊಂದು ಪಾಲನ್ನೂ' ಹಿಂದಿರುಗಿಸಿರೆಂದು ಆಣೆ ಮಾಡಿಸುತ್ತಾನೆ. ಇದನ್ನು ತಿಂಗಳಿಗೆ ನೂರಕ್ಕೆ ಒಂದು ಎಂದು ಅನೇಕ ವ್ಯಾಖ್ಯಾನಕಾರರು ಓದುತ್ತಾರೆ. ಆ ಲೆಕ್ಕದಲ್ಲಿ ನೆಹೆಮೀಯ ಗದರಿಸಿದ್ದು ನಮ್ಮ ಭಾಷೆಯ ಒಂದು ರೂಪಾಯಿ ಬಡ್ಡಿಗೆ. ನಿಮ್ಮದು ಅದರ ಎರಡರಷ್ಟು. ಮೀಟರ್ ಬಡ್ಡಿಯವರ ಮುಂದೆ ಅದು ಏನೂ ಅಲ್ಲ ಎನ್ನುವಿರಿ. ನಿಜ, ಬಲವಂತದ ಸಾಲ ವಸೂಲಿಯನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾದ ನಾಡಿನಲ್ಲಿ ನಾವಿದ್ದೇವೆ. ಆದರೆ ನಿಮ್ಮ ಸಾಲಗಾರರ ಪಟ್ಟಿಯನ್ನು ಒಮ್ಮೆ ಮುಂದಿಟ್ಟುಕೊಳ್ಳಿ. ಅಂಗಡಿ ವಿಸ್ತರಿಸಲು ಪಡೆದವನೊಡನೆ ಮಿತವಾದ ಬಡ್ಡಿಯ ಒಪ್ಪಂದ ಇರಲಿ. ಆಸ್ಪತ್ರೆಯ ಬಿಲ್ಲಿಗೋ ಮಗಳ ಫೀಸಿಗೋ ಪಡೆದವರಿದ್ದರೆ, ಅವರಿಂದ ಅಸಲನ್ನು ಮಾತ್ರ, ಅವರಿಗೆ ಅನುಕೂಲವಾದ ಕಂತುಗಳಲ್ಲಿ ತೆಗೆದುಕೊಳ್ಳಿ. ಈ ಒಂದು ಸಂಗತಿಯಲ್ಲಿ ಆ ಯುವಕನ ವಚನಗಳು ನೇರವಾಗಿ ನಿಮಗೇ ಬರೆದಂತಿವೆ.

ಪ್ರಶ್ನೆ: ಚೌತಿಗೆ ನೆರೆಮನೆಯವರು ಪಂಚಕಜ್ಜಾಯ ತಂದುಕೊಡುತ್ತಾರೆ. ನಾನು ತೆಗೆದುಕೊಳ್ಳುತ್ತೇನೆ, ಅವರು ಹೋದೊಡನೆ ನಮ್ಮ ಅತ್ತೆ ಅದನ್ನು ಕೋಳಿಗಳಿಗೆ ಹಾಕುತ್ತಾರೆ. ಕ್ರಿಸ್ಮಸ್ಸಿಗೆ ನಾವು ಕಳಿಸುವ ಕುಸ್ವಾರನ್ನು (ಹಬ್ಬದ ತಿಂಡಿಗಳನ್ನು) ಅವರ ಮನೆಯವರೆಲ್ಲ ಇಷ್ಟಪಟ್ಟು ತಿನ್ನುತ್ತಾರೆ. "ಯಾಕಮ್ಮ ಹೀಗೆ?" ಎಂದು ಮಗಳು ಕೇಳಿದರೆ ಏನು ಹೇಳಲಿ? (ಉಡುಪಿ)

ಉತ್ತರ: ನಿಮ್ಮ ಅಡುಗೆಮನೆಯ ಪ್ರಶ್ನೆ ಸುಮಾರು 2000 ವರ್ಷಗಳ ಹಿಂದೆ ಕೊರಿಂಥದಲ್ಲಿ ಎದ್ದ ಪ್ರಶ್ನೆಯೇ. ಅಲ್ಲಿನ ಪೇಟೆಯಲ್ಲಿ ಮಾರುತ್ತಿದ್ದ ಮಾಂಸದಲ್ಲಿ ದೇವಸ್ಥಾನದ ಬಲಿಯಿಂದ ಬಂದದ್ದೂ ಇರುತ್ತಿತ್ತು. ಅದನ್ನು ತಿನ್ನಬಹುದೇ ಎಂದು ಸಭೆ ಇಬ್ಭಾಗವಾಗಿತ್ತು. ಅಪೊಸ್ತಲ ಪೌಲ ಆ ಸಭೆಯವರಿಗೆ ಬರೆದ ಮೊದಲನೆಯ ಪತ್ರಿಕೆಯ 8ರಿಂದ 10ರವರೆಗಿನ ಅಧ್ಯಾಯಗಳು ಇದರ ಮೇಲೆಯೇ ಇವೆ. ಕುತೂಹಲದ ಸಂಗತಿಯೆಂದರೆ, ಅದಕ್ಕೆ ಮೊದಲೇ ಯೆರೂಸಲೇಮಿನಲ್ಲಿ ಸೇರಿದ ಅಪೊಸ್ತಲರ ಸಭೆ, ವಿಗ್ರಹಕ್ಕೆ ಅರ್ಪಿಸಿದ್ದನ್ನು ಬಿಡಬೇಕೆಂದು ತೀರ್ಮಾನಿಸಿತ್ತು (ಅಪೊಸ್ತಲರ ಕೃತ್ಯಗಳು 15). ಪ್ರಕಟನೆಯ 2ನೇ ಅಧ್ಯಾಯವೂ ತಿಂದವರನ್ನು ಖಂಡಿಸುತ್ತದೆ. ಅಂದರೆ ಹೊಸ ಒಡಂಬಡಿಕೆಯ ಒಳಗೇ ಈ ವಿಷಯದಲ್ಲಿ ಬಿಗಿಯಾದ ದನಿಯೂ ಸಡಿಲವಾದ ದನಿಯೂ ಇವೆ. ನಿಮ್ಮ ಅತ್ತೆಯವರು ಬರಿಯ ಹಟಮಾರಿಯಲ್ಲ. ಅವರ ಹಿಂದೆಯೂ ವಾಕ್ಯವಿದೆ.

ಪೌಲ ಅಪ್ಪಣೆ ಕೊಟ್ಟು ಮುಗಿಸುವುದಿಲ್ಲ, ಸನ್ನಿವೇಶಗಳನ್ನು ಒಂದೊಂದಾಗಿ ಬಿಡಿಸುತ್ತಾನೆ. ವಿಗ್ರಹದಲ್ಲಿ ಏನೂ ಇಲ್ಲವೆಂದು ಬಲ್ಲವನಿಗೆ ಆ ಮಾಂಸ ಬರಿಯ ಮಾಂಸ. ಆದರೆ ಜ್ಞಾನ ಉಬ್ಬಿಸುತ್ತದೆ, ಪ್ರೀತಿ ಕಟ್ಟುತ್ತದೆ. ನಿನ್ನ ಧೈರ್ಯವನ್ನು ನೋಡಿ ಮನಸ್ಸಾಕ್ಷಿ ದುರ್ಬಲವಾಗಿರುವ ಸಹೋದರ ಎಡವಿದರೆ ನೀನು ಬಿಡುವುದೇ ಲೇಸು. ಪೇಟೆಯಲ್ಲಿ ಮಾರುವುದನ್ನು ವಿಚಾರಿಸದೆ ತಿನ್ನು. ಯಾರಾದರೂ ಊಟಕ್ಕೆ ಕರೆದರೆ ಬಡಿಸಿದ್ದನ್ನು ತಿನ್ನು. ಇದು ನೈವೇದ್ಯ ಎಂದು ಒಬ್ಬನು ಎತ್ತಿ ಹೇಳಿದರೆ, ಹೇಳಿದವನ ಮನಸ್ಸಾಕ್ಷಿಗಾಗಿ ತಿನ್ನಬೇಡ. ದೇವಸ್ಥಾನದ ಪೂಜೆಯಲ್ಲಿ ಪಾಲುಗೊಳ್ಳುವುದಂತೂ ಸಲ್ಲದು.

ಈ ಕೊನೆಯ ಕಟ್ಟುಗಳನ್ನು ನಾನು ಮರೆಮಾಚುವುದಿಲ್ಲ. ಪ್ರಸಾದವೆಂದೇ ಹೇಳಿ ಕೊಟ್ಟದ್ದನ್ನು ತಿನ್ನಬಾರದೆಂದು ಓದಲು ಪೌಲನ ಮಾತಿನಲ್ಲೇ ಆಧಾರವಿದೆ, ನಮ್ಮ ಕರಾವಳಿಯ ಅನೇಕ ಕ್ರೈಸ್ತರು ಹಾಗೆಯೇ ನಡೆದುಕೊಂಡು ಬಂದಿದ್ದಾರೆ. ಆದರೆ ಅವನು ಕೊಟ್ಟ ಕಾರಣ ತಿಂಡಿಯಲ್ಲಿ ಸೇರಿರುವ ದೋಷವಲ್ಲ, ಎದುರಿಗಿರುವವನು ಅದರಿಂದ ಏನು ತಿಳಿದುಕೊಳ್ಳುತ್ತಾನೆ ಎಂಬುದು. ನಿಮ್ಮ ನೆರೆಯವರು ನಿಮ್ಮ ವಿಶ್ವಾಸವನ್ನು ಪರೀಕ್ಷಿಸಲು ಬಾಗಿಲು ತಟ್ಟುತ್ತಿಲ್ಲ; ಬಟ್ಟಲು ಖಾಲಿ ಬರಬಾರದೆಂಬ ನೆರೆಹೊರೆಯ ಪ್ರೀತಿಯಿಂದ ಬರುತ್ತಾರೆ. ಎರಡೂ ಕೈಯಲ್ಲಿ ತೆಗೆದುಕೊಳ್ಳುವುದು ನೀವು ಸರಿಯಾಗಿಯೇ ಮಾಡುತ್ತಿರುವ ಕೆಲಸ. ತಿನ್ನುವುದು, ಬಿಡುವುದು ನಿಮ್ಮ ಮನಸ್ಸಾಕ್ಷಿಗೆ ಸೇರಿದ್ದು; ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೇ ಅಧ್ಯಾಯ ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನನ್ನು ದೋಷಿ ಎನ್ನಬಾರದು ಎಂದು ಎರಡೂ ಕಡೆಗೆ ಕಡಿವಾಣ ಹಾಕುತ್ತದೆ. ನೀವು ತಿಂದರೆ ಅತ್ತೆಯವರ ಕಣ್ಣೆದುರು ಸವಾಲೆಂಬಂತೆ ತಿನ್ನಬೇಡಿ. ಕೋಳಿಗೆ ಹಾಕುವುದನ್ನು ಮಾತ್ರ ನಿಲ್ಲಿಸಲು ಅವರನ್ನು ಕೇಳಿಕೊಳ್ಳಿ. ಓಣಿಯಲ್ಲಿ ಅದನ್ನು ತಿನ್ನುವ ಮಕ್ಕಳು ಬೇಕಾದಷ್ಟಿದ್ದಾರೆ. ಮಗಳಿಗೆ, ಅಜ್ಜಿಗೂ ಅಮ್ಮನಿಗೂ ಈ ವಿಷಯದಲ್ಲಿ ಅಭಿಪ್ರಾಯ ಬೇರೆ, ಪೌಲನ ಕಾಲದಿಂದಲೂ ಹೀಗೇ ಎಂದು ಇದ್ದದ್ದನ್ನು ಇದ್ದಂತೆ ಹೇಳಿದರೆ ಅವಳಿಗೆ ಅರ್ಥವಾದೀತು.

ಪ್ರಶ್ನೆ: ಗುಲಾಮಗಿರಿಯನ್ನು ಸಮರ್ಥಿಸಿದವರ ಕೈಯಲ್ಲೂ ಬೈಬಲ್ ಇತ್ತು, ವಿರೋಧಿಸಿದವರ ಕೈಯಲ್ಲೂ ಇತ್ತು. ಹಾಗಾದರೆ ನಮಗೆ ಬೇಕಾದದ್ದನ್ನು ಅದರಲ್ಲಿ ಕಂಡುಕೊಂಡು ದೇವರ ಮಾತೆನ್ನುತ್ತೇವೆ, ಅಷ್ಟೇ ಅಲ್ಲವೇ? (ವಿದ್ಯಾರ್ಥಿನಿ, ಬೆಂಗಳೂರು)

ಉತ್ತರ: ಎಷ್ಟೋ ಸಲ ಹೌದು. ಅಮೆರಿಕದ ದಕ್ಷಿಣದ ಬ್ಯಾಪ್ಟಿಸ್ಟರು ಗುಲಾಮರ ಒಡೆಯರನ್ನು ಮಿಷನರಿಗಳಾಗಿ ಕಳಿಸಬಹುದೇ ಎಂಬ ಜಗಳದಲ್ಲಿ ಉತ್ತರದವರಿಂದ ಬೇರೆಯಾಗಿ 1845ರಲ್ಲಿ ತಮ್ಮದೇ ಒಕ್ಕೂಟ ಕಟ್ಟಿಕೊಂಡರು. ಅದಕ್ಕಾಗಿ ಕ್ಷಮೆ ಕೇಳಿದ್ದು 1995ರಲ್ಲಿ. 'ದಾಸರೇ, ಯಜಮಾನರಿಗೆ ವಿಧೇಯರಾಗಿರಿ' ಎಂಬ ಎಫೆಸದವರ ಪತ್ರಿಕೆಯ ಮಾತು ಅವರಿಗೆ ಕಂಠಪಾಠವಾಗಿತ್ತು. ಬಿಡಿ ವಚನಗಳನ್ನು ಎಣಿಸುವ ಪಂದ್ಯವಾಗಿದ್ದರೆ ಅವರು ಗೆಲ್ಲುತ್ತಿದ್ದರೇನೋ.

ಆದರೂ ಒಂದು ಸಂಗತಿಯನ್ನು ಗಮನಿಸಿ. ವೆಸ್ಟ್ ಇಂಡೀಸಿನ ಗುಲಾಮರಿಗೆಂದು 1807ರಲ್ಲಿ ಲಂಡನ್ನಿನಲ್ಲಿ ಒಂದು ಬೈಬಲ್ ಅಚ್ಚಾಯಿತು. ಅದರಲ್ಲಿ ಇಸ್ರಾಯೇಲ್ಯರು ಐಗುಪ್ತದ ದಾಸತ್ವದಿಂದ ಹೊರಟು ಬಂದ ಕತೆ ಇರಲಿಲ್ಲ. ಗಲಾತ್ಯದವರ ಪತ್ರಿಕೆಯ 'ದಾಸನು, ಸ್ವತಂತ್ರನು ಎಂಬ ಭೇದವಿಲ್ಲ' ಎಂಬ ಮಾತೂ ಇರಲಿಲ್ಲ. ಹಳೆ ಒಡಂಬಡಿಕೆಯ ಬಹುಭಾಗವನ್ನೂ ಹೊಸದರ ಅರ್ಧದಷ್ಟನ್ನೂ ಕತ್ತರಿಸಿದ್ದರು. ಇಡೀ ಗ್ರಂಥ ತಮ್ಮ ಪರವಾಗಿದ್ದರೆ ಕತ್ತರಿ ಯಾಕೆ ಬೇಕಾಯಿತು? 1850ರಲ್ಲಿ ಅಮೆರಿಕದ ಕಾಂಗ್ರೆಸ್ಸು ಓಡಿಹೋದ ಗುಲಾಮರನ್ನು ಹಿಡಿದುಕೊಡಬೇಕೆಂಬ ಕಾನೂನು ಮಾಡಿದಾಗ, ತಪ್ಪಿಸಿಕೊಂಡು ಬಂದ ದಾಸನನ್ನು ಯಜಮಾನನಿಗೆ ಒಪ್ಪಿಸಬಾರದೆಂಬ ಧರ್ಮೋಪದೇಶಕಾಂಡ 23:15 ಎಲ್ಲರ ಮನೆಯ ಬೈಬಲಿನಲ್ಲೂ ಇತ್ತು. ಪೆನ್ಸಿಲ್ವೇನಿಯದ ಜರ್ಮನ್‌ಟೌನಿನಲ್ಲಿ 1688ರಲ್ಲೇ ಕ್ವೇಕರ್ ಎಂಬ ಕ್ರೈಸ್ತ ಪಂಗಡದ ಕೆಲವರು ಗುಲಾಮಗಿರಿಯ ವಿರುದ್ಧ ಬರೆದ ಮನವಿಗೆ, ಜನರು ನಿಮಗೆ ಏನು ಮಾಡಬೇಕೆಂದು ಬಯಸುತ್ತೀರೋ ಅದನ್ನೇ ಅವರಿಗೆ ಮಾಡಿರಿ ಎಂಬ ಕ್ರಿಸ್ತನ ಮಾತೇ ಆಧಾರ.

ಆದ್ದರಿಂದ ನಾನು ನನಗೇ ಇಟ್ಟುಕೊಂಡಿರುವ ಒಂದು ಎಚ್ಚರಿಕೆ ಇದೆ: ವಚನದ ಅರ್ಥ ಓದುವವನಿಗೇ ಲಾಭ ತರುತ್ತಿದ್ದು, ಅದರ ಖರ್ಚೆಲ್ಲ ಇನ್ನೊಬ್ಬನ ತಲೆಗೆ ಬೀಳುತ್ತಿದ್ದರೆ, ಮತ್ತೊಮ್ಮೆ ಓದಬೇಕು, ಆ ಇನ್ನೊಬ್ಬನ ಜೊತೆ ಕುಳಿತು ಓದಬೇಕು. ಇದು ಅಮೆರಿಕದವರಿಗಷ್ಟೇ ಹೇಳಿದ ಮಾತಲ್ಲ. ಸಭೆಗಳಲ್ಲಿ ಜಾತಿಭೇದ ಕೂಡದೆಂದು ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲೇ ಆದೇಶ ಹೊರಡಿಸಿದ್ದರು. ಗಲಾತ್ಯದ ಅದೇ ವಚನದ ಮೇಲೆ ಪ್ರಸಂಗ ಕೇಳಿ ಬಂದ ನಾವು, ಆ ಸಂಜೆಯೇ ಮಗನ ಮದುವೆಯ ಜಾಹೀರಾತಿನಲ್ಲಿ ಯಾವ ಪದ ಬರೆಯುತ್ತೇವೆಂಬುದು ನಿಮಗೂ ಗೊತ್ತು.

ಪ್ರಶ್ನೆ: ವಿದೇಶದಲ್ಲಿ ಕೆಲಸ ಸಿಕ್ಕಿದೆ, ವೃದ್ಧ ತಾಯಿಯನ್ನು ಬಿಟ್ಟು ಹೋಗಬೇಕೇ ಎಂದು ಪ್ರಾರ್ಥಿಸಿ, ಕಣ್ಣು ಮುಚ್ಚಿ ಬೈಬಲ್ ತೆರೆದೆ. ಅಬ್ರಹಾಮನಿಗೆ ದೇವರು "ನಿನ್ನ ದೇಶವನ್ನು ಬಿಟ್ಟು ಹೊರಡು" ಎಂದ ವಾಕ್ಯ ಸಿಕ್ಕಿತು. ಇದನ್ನು ಉತ್ತರವೆಂದು ತಿಳಿಯಲೇ? (ಹಾಸನ)

ಉತ್ತರ: ಬೇಡ. ನಿಮ್ಮ ಬೆರಳು ಎರಡು ಪುಟ ಆಚೆ ಬಿದ್ದಿದ್ದರೆ ಏನು ಮಾಡುತ್ತಿದ್ದಿರಿ? 386ರಲ್ಲಿ ಮಿಲಾನಿನ ತೋಟದಲ್ಲಿ, ಮುಂದೆ ಬಿಷಪರೂ ಸಂತರೂ ಆದ ಅಗಸ್ಟೀನ್ ಹೀಗೆ ತೆರೆದು ಓದಿದ್ದುಂಟು. ಆದರೆ ಆ ಹೊತ್ತಿಗೆ ಅವರು ಏನು ಬಿಡಬೇಕೆಂದು ವರ್ಷಗಟ್ಟಲೆ ತಿಳಿದೇ ಇದ್ದರು, ಬಿಡಲಾಗದೆ ಒದ್ದಾಡುತ್ತಿದ್ದರು. ಗ್ರಂಥದಿಂದ ಶಕುನ ನೋಡುವ ಯಾಜಕರನ್ನು 506ರಲ್ಲಿ ಈಗಿನ ಫ್ರಾನ್ಸಿನ ಆಗ್ದ್‌ನಲ್ಲಿ ಸೇರಿದ ಬಿಷಪರ ಸಭೆ ಖಂಡಿಸಿತ್ತು. ಹೊಸ ವರ್ಷದ ಆರಾಧನೆಯಲ್ಲಿ ವಾಗ್ದಾನದ ವಚನದ ಚೀಟಿ ಎತ್ತುವುದು ನನಗೂ ಇಷ್ಟ. ಅದನ್ನು ವೀಸಾ ಅರ್ಜಿಗೆ ಲಗತ್ತಿಸುವುದಿಲ್ಲ. ನಿಮ್ಮ ಪತ್ರದಲ್ಲಿ ತಾಯಿಯವರ ಅಭಿಪ್ರಾಯ ಒಂದು ಸಾಲಿನಲ್ಲೂ ಇಲ್ಲ. ಮೊದಲು ಅವರನ್ನು ಕೇಳಿ. ಅನಂತರ ಮಾರ್ಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿ, ದೇವರಿಗೆ ಮುಡಿಪು ಎಂದು ಹೇಳಿ ತಂದೆತಾಯಿಗೆ ಸಲ್ಲಬೇಕಾದದ್ದನ್ನು ತಪ್ಪಿಸುವವರಿಗೆ ಯೇಸು ಹೇಳಿದ್ದನ್ನು ಕಣ್ಣು ತೆರೆದುಕೊಂಡು ಓದಿ.

ಪ್ರಶ್ನೆ: 81 ವರ್ಷದ ತಂದೆ ಮೂರು ವಾರಗಳಿಂದ ವೆಂಟಿಲೇಟರಿನಲ್ಲಿದ್ದಾರೆ. ಚೇತರಿಕೆಯ ಆಸೆಯಿಲ್ಲವೆಂದು ವೈದ್ಯರು ಹೇಳಿದ್ದಾರೆ. ತಮ್ಮ "ಕೊಲೆ ಮಾಡಬಾರದು" ಎನ್ನುತ್ತಾನೆ. ತಂಗಿ "ಸಾಯುವ ಸಮಯವೂ ಉಂಟು" ಎನ್ನುತ್ತಾಳೆ. ನನಗೆ ಏನೂ ತೋಚುತ್ತಿಲ್ಲ. ಅವರ ಬಳಿ 23ನೇ ಕೀರ್ತನೆ ಓದಬೇಕೆಂಬ ಆಸೆ. ಐಸಿಯುನಲ್ಲಿ ಬಿಡುತ್ತಾರೋ ಇಲ್ಲವೋ. (ಮೈಸೂರು)

ಉತ್ತರ: ಪತ್ರ ಓದಿ ಮನಸ್ಸು ಭಾರವಾಯಿತು. ನಿಮ್ಮ ತಮ್ಮ, ತಂಗಿ ಇಬ್ಬರೂ ಸತ್ಯವೇದದ ಮಾತನ್ನೇ ಆಡುತ್ತಿದ್ದಾರೆ, ಆದರೆ ಆ ಎರಡು ವಚನಗಳಲ್ಲಿ ಯಾವುದೂ ವೆಂಟಿಲೇಟರನ್ನು ಕಂಡಿರಲಿಲ್ಲ. ಬೈಬಲ್ ಮೌನವಾಗಿರುವ ಇಂಥ ಕಡೆ ಅದು ಕೊಡುವುದು ಜೀವದ ಬಗೆಗಿನ ಒಟ್ಟು ನಿಲುವನ್ನು: ಜೀವ ದೇವರ ಕೊಡುಗೆ, ಅದನ್ನು ಕಿತ್ತುಕೊಳ್ಳುವ ಹಕ್ಕು ನಮಗಿಲ್ಲ, ಮರಣ ಶತ್ರುವಾದರೂ ಅದು ಕೊನೆಯ ಮಾತಲ್ಲ, ಆದ್ದರಿಂದ ಏನಾದರೂ ಮಾಡಿ ದಿನಗಳನ್ನು ಎಳೆಯುವ ಗಾಬರಿಯೂ ಬೇಕಿಲ್ಲ. ಉಳಿದದ್ದನ್ನು ಸಭೆ ವೈದ್ಯರೊಡನೆ ಕುಳಿತು ಯೋಚಿಸಬೇಕಾಯಿತು. 1957ರ ನವೆಂಬರಿನಲ್ಲಿ ಅರಿವಳಿಕೆ ತಜ್ಞರು ಈ ಪ್ರಶ್ನೆಯನ್ನೇ ಕೇಳಿದಾಗ ಹನ್ನೆರಡನೆಯ ಪಯಸ್ ಪೋಪರು, ಸಾಮಾನ್ಯ ಆರೈಕೆ ಕರ್ತವ್ಯ, ಆದರೆ ರೋಗಿಗೂ ಮನೆಯವರಿಗೂ ಮಿತಿಮೀರಿದ ಹೊರೆಯಾಗುವ ಅಸಾಧಾರಣ ಉಪಾಯಗಳನ್ನು ಬಳಸಲೇಬೇಕೆಂಬ ಕಡ್ಡಾಯವಿಲ್ಲವೆಂದು ಉತ್ತರಿಸಿದರು. ಕಥೋಲಿಕ ಸಭೆಯ ಧರ್ಮೋಪದೇಶ ಇಂದಿಗೂ ಇದನ್ನೇ ಹೇಳುತ್ತದೆ. ಪ್ರಾಟೆಸ್ಟೆಂಟ್ ಚಿಂತಕರಲ್ಲೂ ಅನೇಕರು ಇದನ್ನು ಒಪ್ಪುತ್ತಾರೆ. ಸಾಯಿಸುವುದು ಬೇರೆ, ಸಾವನ್ನು ತಡೆಹಿಡಿದ ಯಂತ್ರವನ್ನು ನಿಲ್ಲಿಸಿ, ನೋವು ಶಮನ ಮಾಡುತ್ತಾ ಬಳಿಯಲ್ಲಿರುವುದು ಬೇರೆ. ನಿಮ್ಮ ತಮ್ಮನಿಗೆ ಈ ವ್ಯತ್ಯಾಸವನ್ನು ನಿಧಾನವಾಗಿ ಹೇಳಿ; ವಾದದಲ್ಲಿ ಸೋಲಿಸಲು ಹೋಗಬೇಡಿ, ಅವರಾಡುತ್ತಿರುವುದು ಅಪ್ಪನನ್ನು ಕಳೆದುಕೊಳ್ಳುವ ಭಯದ ಮಾತೂ ಆಗಿರಬಹುದು.

ಕಾನೂನಿನಲ್ಲಿಯೂ ದಾರಿಯಿದೆ. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಹೀಗೆ ಯಂತ್ರ ನಿಲ್ಲಿಸುವುದಕ್ಕೆ ಅನುಮತಿ ನೀಡಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಆಸ್ಪತ್ರೆಯ ಎರಡು ವೈದ್ಯ ಮಂಡಳಿಗಳು ಪರಿಶೀಲಿಸಿ ಒಪ್ಪಬೇಕು, ಮನೆಯವರ ಸಮ್ಮತಿ ಇರಬೇಕು. ತಂದೆಯವರು ಪ್ರಜ್ಞೆಯಿದ್ದಾಗ ಈ ಬಗ್ಗೆ ಯಾರೊಡನೆಯಾದರೂ ಏನಾದರೂ ಹೇಳಿದ್ದರೇ ಎಂದು ಮೂವರೂ ಕುಳಿತು ನೆನಪಿಸಿಕೊಳ್ಳಿ, ತಾಯಿಯವರಿದ್ದರೆ ಅವರನ್ನೂ ಕೇಳಿ. ತಂದೆಯವರ ಮಾತು ಸಿಕ್ಕರೆ ಅದಕ್ಕೆ ನಿಮ್ಮ ಮೂವರ ಮಾತಿಗಿಂತ ಹೆಚ್ಚಿನ ತೂಕವಿರಲಿ.

ಭೇಟಿಯ ಹೊತ್ತಿನಲ್ಲಿ ಕೀರ್ತನೆ ಓದಲು ನರ್ಸನ್ನು ಕೇಳಿದರೆ ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ. ಪಕ್ಕದ ಹಾಸಿಗೆಯವರಿಗೆ ತೊಂದರೆಯಾಗದಂತೆ, ತಂದೆಯವರ ಕಿವಿಯ ಹತ್ತಿರ ಬಾಗಿ ಓದಿ. ಸಾಧ್ಯವಾದರೆ ತಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ.